ಸ್ಥಿರತೆಯ ಹೊರೆ

ನಮ್ಮ ಮದುವೆಯ ವಿಧಿಗಳಲ್ಲಿ ಅಶ್ಮಾರೋಹಣವೆಂಬುದೊಂದುಂಟು. ವರನು ವಧುವಿನ ಪಾದವನ್ನು ಹಿಡಿದು ಕಲ್ಲಿನ ಮೇಲಿರಿಸಿ, ಆ ಕಲ್ಲಿನ ಸ್ಥೈರ್ಯ ಅವಳಿಗೂ ಬರಲೆಂದು ಮಂತ್ರ ಹೇಳುತ್ತಾನೆ. ಹೋಮದ ಹೊಗೆ, ಹಸಿವು, ನೆಂಟರ ಗದ್ದಲಗಳ ನಡುವೆ ನಾನೂ ಪುರೋಹಿತರು ಹೇಳಿಕೊಟ್ಟಂತೆ ಹೇಳಿ ಮುಗಿಸಿದ್ದೆ. ಅದರ ಅರ್ಥ ಮನಸ್ಸಿಗೆ ನಾಟಿದ್ದು ಮೂರು ತಿಂಗಳ ತರುವಾಯ, ಫ್ರಾನ್ಸ್ ದೇಶದ ಒಂದು ಬಂಡೆಯ ಮೇಲೆ.

ನನ್ನ ಉದ್ಯೋಗ ಪ್ಯಾರಿಸ್ಸಿನಲ್ಲಿ. ನನ್ನ ಹೆಂಡತಿ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವಳು. ಮದುವೆಯಾದ ಮೇಲೆ ಅದನ್ನು ಬಿಟ್ಟು ಬಂದಳು. ಹೊಸ ದಂಪತಿಗಳು ಎಲ್ಲಿಗಾದರೂ ಹೋಗಿಬರಬೇಡವೆ? ಒಂದು ಶನಿವಾರ ರೈಲಿನಲ್ಲಿ ರೆನ್ ಪಟ್ಟಣಕ್ಕೂ ಅಲ್ಲಿಂದ ಬಸ್ಸಿನಲ್ಲಿ ಮಾಂ ಸ್ಯಾಂ ಮಿಶೆಲ್ ದ್ವೀಪಕ್ಕೂ ಹೋದೆವು. ನಾರ್ಮಂಡಿಯ ಕರಾವಳಿಯ ಮರಳು ಬಯಲಿನಲ್ಲಿ ಒಂಟಿಯಾಗಿ ನಿಂತ ಬಂಡೆ ಅದು. ಅಲ್ಲಿ ಕೆಲವು ದಿನ ಕಡಲಿನ ಉಬ್ಬರಕ್ಕೂ ಇಳಿತಕ್ಕೂ ಸುಮಾರು 14 ಮೀಟರುಗಳ ಅಂತರವಿರುತ್ತದೆ. 708ರಲ್ಲಿ ದೇವದೂತನ ಅಪ್ಪಣೆಯಂತೆ ಬಿಷಪ್ಪನೊಬ್ಬ ಅಲ್ಲಿ ಗುಡಿ ಕಟ್ಟಿಸಿದನೆಂದು ಐತಿಹ್ಯ. 966ರಲ್ಲಿ ಸಂತ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳು ಬಂದು ಮಠ ಹೂಡಿದರು.

ಸಂಸಾರ ತೊರೆದವರ ಮನೆಗೆ ಸಂಸಾರ ಹೂಡಿದವರು ವಿಹಾರಕ್ಕೆ ಹೋಗುವುದು ವಿಚಿತ್ರವೇ ಎಂದು ನಾನು ನಕ್ಕೆ. ಆದರೆ ಈ ಪಂಥದವರ ದೀಕ್ಷೆಯಲ್ಲಿ ಒಂದು ವಿಶೇಷವಿದೆ. ಸೇರಿದ ಮಠದಲ್ಲಿಯೇ ಸಾಯುವವರೆಗೂ ನಿಲ್ಲುತ್ತೇನೆಂದು ಅವರು ಪ್ರತಿಜ್ಞೆ ಮಾಡುತ್ತಾರೆ; ಅದಕ್ಕೆ ಸ್ಥಿರತೆಯ ವ್ರತವೆಂದೇ ಹೆಸರು. ಮೆಟ್ಟಿಲು ಹತ್ತುತ್ತ ಇದನ್ನು ಹೇಳಿ, “ನಮ್ಮ ಅಶ್ಮಾರೋಹಣದ ಹಾಗೆಯೇ ಅಲ್ಲವೆ?” ಎಂದೆ.

ಅವಳು ಒಂದು ಕ್ಷಣ ನಿಂತಳು. “ಹಾಗೆ ಹೇಗಾಗುತ್ತೆ? ಇವರು ತಮ್ಮ ಬಾಯಿಂದ ತಾವೇ ಹೇಳಿದರು. ನಮ್ಮಲ್ಲಿ ಮಂತ್ರ ಹೇಳಿದ್ದು ನೀವು. ಕಲ್ಲು ಹತ್ತಿದ್ದು ನಾನು.”

ಮಾತಿಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಒಂದು ಕೋಣೆಯಲ್ಲಿ ಆಳೆತ್ತರವನ್ನೂ ಮೀರಿದ ಮರದ ಚಕ್ರವಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸಂನ್ಯಾಸಿಗಳನ್ನು ಹೊರಡಿಸಿ ಮಠವನ್ನು ಸೆರೆಮನೆ ಮಾಡಿದರು. 1863ರವರೆಗೂ ಅದು ಸೆರೆಮನೆಯಾಗಿಯೇ ಇತ್ತು. ಕೈದಿಗಳು ಆ ಚಕ್ರದೊಳಗೆ ನಡೆನಡೆದು ಅದನ್ನು ತಿರುಗಿಸಿ, ಕೆಳಗಿನಿಂದ ಸಾಮಾನುಗಳನ್ನು ಮೇಲಕ್ಕೆಳೆಯುತ್ತಿದ್ದರಂತೆ. ಎಷ್ಟು ನಡೆದರೂ ಇದ್ದಲ್ಲೇ ಇರುವ ನಡಿಗೆ! ಅದೇ ಗೋಡೆ, ಅದೇ ಕಡಲು. ಅಂದು ಸಂನ್ಯಾಸಿ, ಆಮೇಲೆ ಕೈದಿ. ಇಬ್ಬರೂ ಹೊರಗೆ ಹೋಗುವಂತಿಲ್ಲ. ಹಾಗಾದರೆ ವ್ರತಕ್ಕೂ ಸೆರೆಗೂ ಭೇದವೆಲ್ಲಿದೆ?

ಒಪ್ಪಿಗೆಯಲ್ಲಿದೆ ಎಂದು ಥಟ್ಟನೆ ಹೇಳಿಬಿಡಬಹುದು. ನಾನೂ ಹಾಗೆಯೇ ಹೇಳಿದೆ. “ನೀನು ಒಪ್ಪಿಯೇ ಬಂದೆಯಲ್ಲ?”

“ಒಪ್ಪಿದೆ, ಇಲ್ಲವೆನ್ನಲಾರೆ. ಬೇರೆ ಏನನ್ನಾದರೂ ಒಪ್ಪಬಹುದಿತ್ತೆ ಎಂದು ನೀವು ಕೇಳಿದಿರಾ?”

ಕೇಳಿರಲಿಲ್ಲ. ಎರಡು ದೇಶಗಳಲ್ಲಿ ಇಬ್ಬರ ಉದ್ಯೋಗವಿದ್ದರೆ ಯಾರಾದರೊಬ್ಬರು ಬಿಡಲೇಬೇಕು. ಇಬ್ಬರೂ ಅಲೆಯುತ್ತಿದ್ದರೆ ಮನೆ ನಿಲ್ಲದು. ಇದು ನಿಜ. ಆದರೆ ಆ ಒಬ್ಬರು ಯಾರೆಂಬುದು ನಮ್ಮ ಮನೆಗಳಲ್ಲಿ ಪ್ರಶ್ನೆಯಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಒಂದೇ ಬಾಗಿಲು ತೆರೆದಿಟ್ಟು, “ನೀನಾಗಿಯೇ ಒಳಗೆ ಬಂದೆ” ಎನ್ನುವುದು ನ್ಯಾಯವೆ? ನಾನು ಅವಳ ಮೇಲೆ ಬಲವಂತ ಮಾಡಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ. ನನ್ನ ಪರವಾಗಿ ಆ ಕೆಲಸವನ್ನು ಸಂಪ್ರದಾಯ ಮಾಡಿ ಮುಗಿಸಿತ್ತು.

ಆ ಮೇಲೆ ನೆಲಮಾಳಿಗೆಗೆ ಇಳಿದೆವು. ಬಂಡೆಯ ನೆತ್ತಿ ಬಹಳ ಕಿರಿದು. ದೇವಾಲಯದ ಉದ್ದಕ್ಕೆ ಅದು ಸಾಲದು. ಆದ್ದರಿಂದ ನೆತ್ತಿಯ ಸುತ್ತ ಇಳಿಜಾರಿನಲ್ಲಿ ನೆಲಮಾಳಿಗೆಗಳನ್ನು ಕಟ್ಟಿ, ಅವುಗಳ ಮೇಲೆ ದೇವಾಲಯವನ್ನು ಕೂರಿಸಿದ್ದಾರೆ. 1421ರಲ್ಲಿ ದೇವಾಲಯದ ಗರ್ಭಭಾಗ ಕುಸಿದುಬಿತ್ತು. ಮತ್ತೆ ಕಟ್ಟುವಾಗ ಮೊದಲು ಕೆಳಗೆ ಭಾರಿ ಕಂಬಗಳನ್ನು ನಿಲ್ಲಿಸಿದರು. ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ತಾಗದಷ್ಟು ದಪ್ಪ ಕಂಬಗಳು. ದೂರದಿಂದ ನೋಡಿದವನಿಗೆ ಮಠವನ್ನು ಹೊತ್ತದ್ದು ಬಂಡೆಯೆಂದೇ ತೋರುತ್ತದೆ. ಆದರೆ ಬಂಡೆಯೊಂದನ್ನೇ ನೆಚ್ಚಿದ್ದರೆ ಈ ದೇವಾಲಯ ಏಳುತ್ತಲೇ ಇರಲಿಲ್ಲ.

ಸ್ಥೈರ್ಯವೆಂಬುದು ಒಬ್ಬರ ಸ್ವಭಾವದಲ್ಲಿ ಇರಲೇಬೇಕಾದ ಗುಣವೆಂದು ನಾವು ತಿಳಿದಿದ್ದೇವೆ. ಇಲ್ಲದಿದ್ದರೆ ಅವರದೇ ದೋಷವೆನ್ನುತ್ತೇವೆ. ಅದು ಕಟ್ಟಬೇಕಾದದ್ದು, ಕುಸಿದರೆ ಮತ್ತೆ, ಇನ್ನೂ ದಪ್ಪವಾಗಿ ಕಟ್ಟಬೇಕಾದದ್ದು. ಒಮ್ಮೆ ಹೇಳಿದ ಮಂತ್ರದಿಂದ ಅದು ಮುಗಿಯುವುದಿಲ್ಲ. ನಿಲ್ಲು ಎಂದು ಇನ್ನೊಬ್ಬರಿಗೆ ಹೇಳಿದವನು ಅವರ ಕಾಲಡಿಗೆ ತಾನೇನು ಕೊಟ್ಟೆನೆಂದು ಕೇಳಿಕೊಳ್ಳಬೇಡವೆ?

ಭಾನುವಾರ ಹಿಂತಿರುಗುವಾಗ, ಬಸ್ಸಿನಲ್ಲಿ, ನಾನು ಮುಚ್ಚಿಟ್ಟಿದ್ದ ಮಾತನ್ನು ಹೇಳಿದೆ. ನನ್ನ ಕೆಲಸವನ್ನು ಇನ್ನು ಮೂರು ವರ್ಷ ಮುಂದುವರಿಸುವ ಕರಾರು ಬಂದಿತ್ತು. ಅವಳನ್ನು ಕೇಳದೆಯೇ ಆಗಲೆಂದು ಬಾಯಲ್ಲಿ ಒಪ್ಪಿಬಿಟ್ಟಿದ್ದೆ. ಅವಳು ಕೋಪಿಸಿಕೊಳ್ಳಲಿಲ್ಲ. “ಸಹಿ ಹಾಕಿದಿರಾ?” ಎಂದಷ್ಟೇ ಕೇಳಿದಳು.

ಹಾಕಿರಲಿಲ್ಲ. ಇನ್ನೂ ಹಾಕಿಲ್ಲ. ಕಾಗದ ಮೇಜಿನ ಮೇಲಿದೆ. ಮೇಜಿನ ಆಚೆ ಬದಿಯಲ್ಲಿ ಕುಳಿತು ಅವಳು ಮೈಸೂರಿನ ಕಾಲೇಜಿಗೆ ಬರೆಯುತ್ತಿದ್ದಾಳೆ. ಏನು ಬರೆಯುತ್ತಿದ್ದೀಯೆ ಎಂದು ನಾನು ಕೇಳಿಲ್ಲ; ಬರೆದು ಮುಗಿಸಿದ ಮೇಲೆ ಇಬ್ಬರೂ ಕೂತು ಮಾತನಾಡುವುದೆಂದು ಆಗಿದೆ.