ಸಮನಾದ ನೆಲ

ಓದತಕ್ಕ ವೇದಭಾಗಗಳು: ಲೂಕ 6:46–49, ಯೆಶಾಯ 40:3–5



ಮನೆ ಕಟ್ಟಿದ ಇಬ್ಬರು ಮನುಷ್ಯರ ಸಾಮ್ಯವನ್ನು ನೀವು ಅನೇಕ ಸಾರಿ ಕೇಳಿದ್ದೀರಿ. ಅದನ್ನು ಮತ್ತಾಯನೂ ಬರೆದಿದ್ದಾನೆ, ಲೂಕನೂ ಬರೆದಿದ್ದಾನೆ. ಆದರೆ ಲೂಕನು ಮಾತ್ರ ಒಂದು ಸಂಗತಿಯನ್ನು ಕೂಡಿಸಿ ಹೇಳುತ್ತಾನೆ. ಅದೇನಂದರೆ, ಮೊದಲನೆಯವನು ಕಟ್ಟುವದಕ್ಕಿಂತ ಮುಂಚೆ ನೆಲವನ್ನು ಆಳವಾಗಿ ಅಗೆದನು ಎಂಬದೇ. ಅಗೆಯುವ ಕೆಲಸವು ಹೊರಗೆ ಕಾಣುವದಿಲ್ಲ. ಗೋಡೆಯನ್ನು ಹೊಗಳುವವರು ಬಹುಮಂದಿ, ಅದರ ಕೆಳಗಿನ ಮಣ್ಣನ್ನು ಹೊಗಳುವವರು ಯಾರೂ ಇಲ್ಲ. ಆದರೂ ಪ್ರವಾಹವು ಬಂದಾಗ ಇಬ್ಬರ ಮನೆಗೂ ಒಂದೇ ನೀರು ಬಡಿಯಿತು; ಒಂದು ನಿಂತಿತು, ಒಂದು ಬಿದ್ದಿತು. ಭೇದವು ಗೋಡೆಯಲ್ಲಿರಲಿಲ್ಲ, ನೆಲದಲ್ಲಿತ್ತು.

ಈ ಭಾಗವನ್ನು ನಾವು ಸೆಮಿನರಿಯಲ್ಲಿ ಕಲಿತೆವು, ಹಲವು ಊರುಗಳಲ್ಲಿ ಪ್ರಸಂಗಿಸಿದೆವು. ಆದರೂ ಅದರ ಅರ್ಥವನ್ನು ನಮಗೆ ಕಲಿಸಿದ್ದು ಹದಿನೈದು ಅಡಿ ಅಗಲದ ಒಂದು ನೀರಿನ ತೊಟ್ಟಿ. ಇದನ್ನು ಹೇಳುವದಕ್ಕೆ ನಾಚಿಕೆಯಾಗುತ್ತದೆ. ಆದರೆ ನಮ್ಮ ತಪ್ಪು ನಿಮಗೆ ಬುದ್ಧಿಯಾಗುವದಾದರೆ ನಾಚಿಕೆಯನ್ನು ಸಹಿಸುವದೇ ಲೇಸು.

2014ನೆಯ ಇಸವಿಯಲ್ಲಿ ಕೃಷಿ ಭಾಗ್ಯ ಯೋಜನೆಯು ಪ್ರಾರಂಭವಾದ ಮೇಲೆ ನಮ್ಮ ಸೀಮೆಯ ಹೊಲಗಳಲ್ಲಿ ಅನೇಕ ಕೃಷಿ ಹೊಂಡಗಳಾದವು. ಮಳೆಯ ನೀರನ್ನು ಹಿಡಿದಿಡುವ ಈ ಹೊಂಡಗಳಿಂದ ಬೆಳೆಗೆ ಉಪಕಾರವಾಗಿದೆ, ಸಂದೇಹವಿಲ್ಲ. ಆದರೆ ಅವುಗಳ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯು ತೋಯ್ದಾಗ ಬಹಳ ಜಾರುವದು. ಒಳಗೆ ಬಿದ್ದವನಿಗೆ ಹಿಡಿಯುವದಕ್ಕೆ ಏನೂ ಸಿಕ್ಕದು. ನಮ್ಮ ಊರಿನ ಕೆಳಕೇರಿಯ ಒಬ್ಬ ಹುಡುಗನು ಕುರಿ ಮೇಯಿಸುತ್ತಾ ಹೋಗಿ ಅಂಥ ಒಂದು ಹೊಂಡದಲ್ಲಿ ಬಿದ್ದು ಸತ್ತನು. ಅವನಿಗೆ ಒಂಭತ್ತು ವರುಷ. ಈಜು ಬಾರದು. ಅವನ ಮಣ್ಣುಮಾಡಿದ ದಿನ ನಾವು ಓದಿದ ವಾಕ್ಯಗಳು ಯಾವವೆಂಬದು ಈಗ ನೆನಪಿಲ್ಲ. ಅವನ ಅಜ್ಜನು ಗುಂಡಿಯ ಅಂಚಿನಲ್ಲಿ ಕೂತು ಮಣ್ಣನ್ನು ಕೈಯಲ್ಲಿ ಹಿಡಿದುಕೊಂಡಿದ್ದದ್ದು ನೆನಪಿದೆ.

ಇದು ನಮ್ಮ ಊರಿನ ದುಃಖ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ನೆಯ ಒಂದೇ ವರುಷದಲ್ಲಿ ಲೋಕದಲ್ಲೆಲ್ಲಾ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ನೂರಕ್ಕೆ ತೊಂಭತ್ತಕ್ಕಿಂತ ಹೆಚ್ಚು ಮಂದಿ ನಮ್ಮಂಥ ಸಿರಿಯಿಲ್ಲದ ದೇಶಗಳವರು. ಶಾಲೆಯ ಪ್ರಾಯದ ಮಕ್ಕಳಿಗೆ ನೀರಿನಲ್ಲಿ ತೇಲುವದನ್ನೂ ಈಜುವದನ್ನೂ ಕಲಿಸಬೇಕೆಂದು ಆ ಸಂಸ್ಥೆಯವರು ಬೋಧಿಸುತ್ತಾರೆ.

ಆದದರಿಂದ ಸಭೆಯವರು ಕೂಡಿ, ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಈಜು ಕಲಿಸುವದೆಂದು ಗೊತ್ತುಮಾಡಿದೆವು. ಪಟ್ಟಣದ ಸಹೋದರರು ಒಂದು ಈಜುತೊಟ್ಟಿಯನ್ನು ಕೊಟ್ಟರು. ಇದು ನೆಲವನ್ನು ಅಗೆದು ಕಟ್ಟುವಂಥದ್ದಲ್ಲ. ಕಬ್ಬಿಣದ ಕೊಳವೆಗಳ ಚೌಕಟ್ಟನ್ನು ನೆಲದ ಮೇಲೆ ನಿಲ್ಲಿಸಿ, ಅದರೊಳಗೆ ದಪ್ಪ ಪ್ಲಾಸ್ಟಿಕ್ಕಿನ ಹಾಸನ್ನು ಕಟ್ಟಿ ನೀರು ತುಂಬುವಂಥದ್ದು. ಅಗಲ 15 ಅಡಿ. ನೀರಿನ ಆಳ 3 ಅಡಿ.

ಅಂಗಳವು ಕಣ್ಣಿಗೆ ಸಮನಾಗಿ ಕಂಡರೂ ಒಂದು ಬದಿಗಿಂತ ಇನ್ನೊಂದು ಬದಿ ಅರ್ಧ ಅಡಿ ತಗ್ಗಾಗಿತ್ತು. ನಾವು ತಗ್ಗಿನಲ್ಲಿ ಸಡಿಲ ಮಣ್ಣನ್ನು ಸುರಿಸಿ, ಹುಡುಗರಿಂದ ಕಾಲಿನಲ್ಲಿ ತುಳಿಸಿ, ಅರ್ಧ ದಿನದಲ್ಲಿ ಕೆಲಸವನ್ನು ತೀರಿಸಿದೆವು. ಆಗ ಸತ್ತ ಹುಡುಗನ ಅಜ್ಜನು ಬಂದನು. ಆತನು ಐವತ್ತು ವರುಷ ಬಾವಿ ತೋಡುವ, ಕೆರೆಯ ಏರಿ ಹಾಕುವ ಕೆಲಸವನ್ನು ಮಾಡಿದವನು. ಸ್ವಲ್ಪ ಹೊತ್ತು ನೋಡಿ, “ಉಪದೇಶಿ ಅಯ್ಯನವರೇ, ತಗ್ಗು ತುಂಬಬೇಡಿರಿ, ಉಬ್ಬು ಕಡಿಯಿರಿ. ಹೊಸ ಮಣ್ಣು ಭಾರ ತಾಳುವದಿಲ್ಲ” ಎಂದನು. ನಾವು ನಕ್ಕು, “ಅಜ್ಜಾ, ಇದು ಪ್ಲಾಸ್ಟಿಕ್ಕಿನ ತೊಟ್ಟಿ, ಕೆರೆಯ ಏರಿಯಲ್ಲ. ಇದರ ಸಂಗತಿ ನಿಮಗೆ ಏನು ಗೊತ್ತು?” ಎಂದೆವು. ಆತನು ಮರುಮಾತಾಡದೆ ಹೋದನು.

ಪ್ರಿಯರೇ, ನೀರಿನ ಭಾರವನ್ನು ಎಣಿಸಿರಿ. ಆ ತೊಟ್ಟಿಯಲ್ಲಿ ಹಿಡಿಯುವದು ಸುಮಾರು 15,000 ಲೀಟರು; ಒಂದು ಲೀಟರಿಗೆ ಒಂದು ಕಿಲೋ, ಅಂದರೆ 15 ಟನ್ನು. ಒಂದೊಂದು ಚದರಡಿ ನೆಲದ ಮೇಲೆ 85 ಕಿಲೋ ಕೂತಿರುವದು. ಇದಲ್ಲದೆ ನೀರು ಕೆಳಗೆ ಒತ್ತುವ ಹಾಗೆಯೇ ಬದಿಗೂ ನೂಕುತ್ತದೆ. ತೊಟ್ಟಿಯು ವಾಲಿ ಒಂದು ಕಡೆಯ ಆಳವು 3 ಅಡಿಯಿಂದ 3½ ಅಡಿಯಾದರೆ, ಆ ಕಡೆಯ ಗೋಡೆಯನ್ನು ನೂಕುವ ಬಲವು ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಏರುವದು. ನೆಲದ ತಪ್ಪು ಸ್ವಲ್ಪ. ನೀರು ಅದನ್ನು ದೊಡ್ಡದು ಮಾಡುವದು.

ಎರಡನೆಯ ರಾತ್ರಿ ತುಂಬಿದ ಮಣ್ಣು ಕುಸಿಯಿತು. ಎರಡು ಕಾಲುಗಳು ಬಾಗಿ, ಗೋಡೆಯು ತಗ್ಗಿನ ಕಡೆಗೆ ಮಡಚಿಕೊಂಡು, ಇದ್ದ ನೀರೆಲ್ಲಾ ಕೆಳಕೇರಿಗೆ ನುಗ್ಗಿತು. ಎರಡು ಮನೆಗಳ ಒಳಗೆ ಹೊಕ್ಕು ಜೋಳದ ಚೀಲಗಳನ್ನು ತೋಯಿಸಿತು. ಅವುಗಳಲ್ಲಿ ಒಂದು ಆ ಅಜ್ಜನ ಮನೆ. ಹಗಲಾಗಿದ್ದು ಮಕ್ಕಳು ಒಳಗಿದ್ದರೆ ಏನಾಗುತ್ತಿತ್ತೋ! ದೇವರು ಕರುಣಿಸಿದನು. ನಾವು ಬೆಳಗ್ಗೆ ಆತನ ಬಾಗಿಲಿಗೆ ಹೋಗಿ ಕ್ಷಮೆಯನ್ನು ಬೇಡಿಕೊಂಡು, ತೋಯ್ದ ಜೋಳಕ್ಕೆ ಬದಲು ಜೋಳವನ್ನು ಎರಡು ಮನೆಗಳಿಗೂ ಕೊಟ್ಟು, ಕೆಲಸವನ್ನು ಆತನ ಕೈಗೆ ಒಪ್ಪಿಸಿದೆವು. ಆತನು ಮೂರು ದಿನ ನಮಗೆ ಕಲಿಸಿದ್ದನ್ನು ಈಗ ನಿಮಗೆ ಹೇಳುತ್ತೇವೆ.

ಒಂದನೆಯದು. ಉಬ್ಬನ್ನು ಕಡಿಯಬೇಕು. ನಡುವೆ ಗೂಟವನ್ನು ಹೊಡೆದು, 8½ ಅಡಿ ಹುರಿಯನ್ನು ಕಟ್ಟಿ, ತೊಟ್ಟಿಗಿಂತ ಸುತ್ತಲೂ ಒಂದು ಅಡಿ ಹೆಚ್ಚಾಗಿ ವೃತ್ತವನ್ನು ಎಳೆದೆವು. ಅತಿ ತಗ್ಗಾದ ಸ್ಥಳವನ್ನೇ ಗುರುತುಮಾಡಿ, ಉಳಿದ ನೆಲವನ್ನೆಲ್ಲಾ ಅದರ ಮಟ್ಟಕ್ಕೆ ಇಳಿಸಿದೆವು. ಯಾಕಂದರೆ ಎಂದೂ ಕದಲಿಸದ ಮಣ್ಣು ಗಟ್ಟಿಯಾಗಿರುತ್ತದೆ. ಸುರಿದ ಮಣ್ಣು ಭಾರ ಬಿದ್ದಾಗ ಕುಸಿಯುತ್ತದೆ. ಆಗ ಒಬ್ಬ ಹುಡುಗನು, “ಅಯ್ಯನವರೇ, ತಗ್ಗುಗಳೆಲ್ಲಾ ತುಂಬಲ್ಪಡುವವೆಂದು ಯೆಶಾಯನು ಹೇಳಿದ್ದಾನಲ್ಲಾ?” ಎಂದು ಕೇಳಿದನು. ಒಳ್ಳೇ ಪ್ರಶ್ನೆ. ಪ್ರವಾದಿಯು ತಗ್ಗು ಏರುವದೆಂದೂ ಬೆಟ್ಟ ಇಳಿಯುವದೆಂದೂ ಜೊತೆಯಾಗಿ ಹೇಳುತ್ತಾನೆ. ಎರಡರಲ್ಲಿ ಒಂದನ್ನು ಬಿಡುವದಕ್ಕಾಗದು. ನಾವಾದರೋ ಬೆಟ್ಟವನ್ನು ಹಾಗೆಯೇ ಇಟ್ಟುಕೊಂಡು ತಗ್ಗಿಗೆ ನಾಲ್ಕು ಬುಟ್ಟಿ ಸಡಿಲ ಮಣ್ಣನ್ನು ಎಸೆದಿದ್ದೆವು. ಸಭೆಗಳಲ್ಲಿಯೂ ನಾವು ಮಾಡುವದು ಇದೇ. ಬಡವನಿಗೆ ಹಬ್ಬದ ದಿನ ಒಂದು ಬಟ್ಟೆ ಕೊಡುವೆವು, ನಮ್ಮ ಪೀಠದಿಂದ ಇಳಿಯೆವು.

ನಾವು ಕಡಿದ ಮಣ್ಣು ಏನಾಯಿತೆಂದು ಕೇಳುವಿರೋ? ನೂರಕ್ಕೆ ಮಿಕ್ಕ ಬುಟ್ಟಿಗಳನ್ನು ಹೊತ್ತು ಕೆಳಕೇರಿಯ ಆ ಎರಡು ಮನೆಗಳ ಮುಂದೆ ಹಾಕಿದೆವು. ನಾಲ್ಕು ನಾಲ್ಕು ಬೆರಳು ದಪ್ಪ ಹರಡಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು, ಅದರ ಮೇಲೆ ಮತ್ತೊಂದು ಪದರ. ಹೀಗೆ ಮಳೆನೀರು ಒಳಗೆ ಬಾರದ ಹಾಗೆ ಕಟ್ಟೆಯಾಯಿತು. ಉಬ್ಬು ಇಳಿಯಿತು, ತಗ್ಗು ಏರಿತು. ಹುಡುಗನ ಪ್ರಶ್ನೆಗೆ ಉತ್ತರವು ಅಲ್ಲಿ ದೊರಕಿತು.

ಎರಡನೆಯದು. ಕಣ್ಣನ್ನು ನಂಬದೆ ಅಳತೆಯನ್ನು ನಂಬಬೇಕು. ಗಾರೆಯವರು ಉಪಯೋಗಿಸುವ ತಿಳಿಯಾದ ನೀರಿನ ಕೊಳವೆಯನ್ನು ತಂದು, ಒಂದು ತುದಿಯನ್ನು ನಡುಗೂಟದಲ್ಲಿ, ಇನ್ನೊಂದು ತುದಿಯನ್ನು ಸುತ್ತಲಿನ ಒಂದೊಂದು ಗೂಟದಲ್ಲಿ ಹಿಡಿದೆವು. ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವದು. ಅದು ಮುಖವನ್ನು ನೋಡದು. ಉದ್ದವಾದ ನೆಟ್ಟಗಿನ ಹಲಗೆಯ ಮೇಲೆ ರಸಮಟ್ಟವನ್ನಿಟ್ಟು ನೆಲದ ಮೇಲೆ ಸುತ್ತಲೂ ತಿರುಗಿಸಿದೆವು. ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ಅಂಗುಲಕ್ಕಿಂತ ಹೆಚ್ಚು ಭೇದ ಇರಬಾರದು. ಆದರೆ ಅಜ್ಜನು ಎಚ್ಚರಿಸಿದ್ದೇನಂದರೆ, ಕೊಳವೆಯೊಳಗೆ ಗಾಳಿಯ ಗುಳ್ಳೆ ಉಳಿದರೆ ಅದು ಸುಳ್ಳು ಹೇಳುವದು. ಆಮೋಸನು ಕಂಡ ದರ್ಶನದಲ್ಲಿ ಕರ್ತನು ತನ್ನ ಜನರ ನಡುವೆ ನೂಲುಗುಂಡನ್ನು ಹಿಡಿದನು. ದೇವರ ವಾಕ್ಯವು ನಮಗೆ ಆ ಅಳತೆ. ಅದನ್ನು ಕೈಯಲ್ಲಿ ಹಿಡಿದವನು ಉಪದೇಶಿಯಾಗಲಿ ಹಿರಿಯನಾಗಲಿ, ಅವನೊಳಗೆ ಗರ್ವದ ಗಾಳಿಯಿದ್ದರೆ ಅಳತೆಯು ತಪ್ಪುವದು. ನಮ್ಮಲ್ಲಿ ಆ ಗಾಳಿ ಇತ್ತು.

ಮೂರನೆಯದು. ಬೇರನ್ನು ಬಿಡಬಾರದು. ಹುಲ್ಲನ್ನು ಮೇಲೆ ಮೇಲೆ ಕೆತ್ತಿದರೆ ಸಾಲದು. ಜೇಕಿನ ಗಡ್ಡೆಯೊಂದು ನೆಲದಲ್ಲಿ ಉಳಿದರೂ ಅದರ ಮೊಳಕೆಯು ಸೂಜಿಯಂತೆ ಎದ್ದು ದಪ್ಪ ಪ್ಲಾಸ್ಟಿಕ್ಕನ್ನೂ ಚುಚ್ಚಿ ತೂತುಮಾಡುವದು. ಆದದರಿಂದ ಗಡ್ಡೆಗಳನ್ನು ಒಂದೊಂದಾಗಿ ಆರಿಸಿ ತೆಗೆದೆವು. ಮೊನಚು ಕಲ್ಲುಗಳನ್ನೂ ಬೇರುಗಳನ್ನೂ ತೆಗೆದೆವು. ಆ ಮೇಲೆ ಎರಡು ಅಂಗುಲ ಜರಡಿ ಹಿಡಿದ ಮರಳನ್ನು ಹರಡಿದೆವು. ಕಾಲುಗಳ ಕೆಳಗೆ ಚಪ್ಪಡಿ ಕಲ್ಲುಗಳನ್ನು ನೆಲದ ಸಮಕ್ಕೆ ಹುಗಿದೆವು, ಹೀಗೆ ಭಾರವು ಒಂದೇ ಕಡೆಯಲ್ಲಿ ಇಳಿಯದು. ಸಭೆಯಲ್ಲಿ ಕಹಿಯಾದ ಬೇರು ಉಳಿದರೆ ಅನೇಕರು ಕೆಡುವರೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಹೇಳಿದೆ. ಹಳೆಯ ಹೊಲದ ಜಗಳ, ಮದುವೆಯಲ್ಲಿ ಆಡಿದ ಒಂದು ಮಾತು, ನಮ್ಮ ತಂದೆಗಳ ಕಾಲದ ಜಾತಿಯ ನೆನಪು, ಇವು ಜೇಕಿನ ಗಡ್ಡೆಗಳು. ಮರಳು ಹರಡಿದ ಮೇಲೆ ಕಾಣುವದಿಲ್ಲ. ಕಾಣದಿದ್ದರೆ ಸತ್ತವೆಂದು ನೆನಸಬೇಡಿರಿ.

ನಾಲ್ಕನೆಯದು. ಸ್ವಲ್ಪ ನೀರಿನಿಂದ ಮೊದಲು ಪರೀಕ್ಷಿಸಬೇಕು. ಎರಡು ಅಂಗುಲ ನೀರನ್ನು ಬಿಟ್ಟು ನಿಂತು ನೋಡಿದೆವು. ಅದು ಒಂದು ಬದಿಗೆ ಓಡದೆ ಸಮನಾಗಿ ಹರಡಿತು. ಓಡಿದ್ದರೆ ಚೆಲ್ಲಿ ಮತ್ತೆ ಪ್ರಾರಂಭಿಸುವದು ಸುಲಭ. 15 ಟನ್ನು ನಿಂತ ಮೇಲೆ ತಿದ್ದುವದಕ್ಕೆ ಯಾರಿಂದಲೂ ಆಗದು. ಅಲ್ಪವಾದದ್ದರಲ್ಲಿ ನಂಬಿಗಸ್ತನಾದವನು ಬಹಳವಾದದ್ದರಲ್ಲಿಯೂ ಹಾಗೆಯೇ ಇರುವನೆಂದು ಸ್ವಾಮಿಯು ಬೋಧಿಸಿದ್ದು ಇದಕ್ಕೆ ಒಪ್ಪುತ್ತದೆ. ನಿಮ್ಮ ಮನೆಯ ಚಿಕ್ಕ ಸಂಗತಿಗಳನ್ನು ನೋಡಿಕೊಳ್ಳಿರಿ. ದೊಡ್ಡ ಶೋಧನೆ ಬರುವದಕ್ಕಿಂತ ಮುಂಚೆ ಚಿಕ್ಕ ನೀರಿನಲ್ಲಿ ನಿಮ್ಮ ವಾಲು ಯಾವ ಕಡೆಗೆ ಎಂಬದು ತಿಳಿಯುವದು.

ಈಗ ತೊಟ್ಟಿಯು ನೆಟ್ಟಗೆ ನಿಂತಿದೆ. ಸುತ್ತಲೂ ಬೇಲಿ ಹಾಕಿದ್ದೇವೆ. ಪಾಠ ಮುಗಿದ ಕೂಡಲೇ ಏಣಿಯನ್ನು ತೆಗೆದಿಡುತ್ತೇವೆ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಈಜು ಬಲ್ಲ ಒಬ್ಬ ದೊಡ್ಡವನು ಕಣ್ಣು ತೆಗೆಯದೆ ನಿಂತಿರುತ್ತಾನೆ. ಯಾಕಂದರೆ ಪ್ರಾಣ ಉಳಿಸುವದಕ್ಕೆ ಇಟ್ಟ ನೀರೂ ಕಾವಲಿಲ್ಲದಿದ್ದರೆ ಪ್ರಾಣ ತೆಗೆಯುವದು. ಮಕ್ಕಳು ಮೊದಲು ಉಸಿರು ಹಿಡಿದು ತೇಲುವದನ್ನು ಕಲಿಯುತ್ತಾರೆ. ಅಜ್ಜನು ದಿನಾಲು ಬಂದು ಚಪ್ಪಡಿಯ ಮೇಲೆ ಕೂತು ನೋಡುತ್ತಾನೆ. ಏನೂ ಹೇಳುವದಿಲ್ಲ.

ಆದರೆ ಪ್ರಿಯರೇ, ಒಂದು ಮಾತನ್ನು ಮುಚ್ಚಿಡುವದಕ್ಕಾಗದು. ಮೇಲುಕೇರಿಯ ಎರಡು ಮನೆಯವರು ತಮ್ಮ ಮಕ್ಕಳನ್ನು ಇನ್ನೂ ಕಳುಹಿಸಿಲ್ಲ. ಶೀತವಾಗುವದು ಎಂದು ಹೇಳುತ್ತಾರೆ. ಕಾರಣವು ಶೀತವಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಕೆಳಕೇರಿಯ ಮಕ್ಕಳು ಇಳಿದ ನೀರಿನಲ್ಲಿ ತಮ್ಮ ಮಕ್ಕಳು ಇಳಿಯಬಾರದೆಂಬದೇ. ಆ ಮನೆಗಳ ಹೊಲದಲ್ಲಿಯೂ ಹೊಂಡಗಳಿವೆ. ಕೃಷಿ ಹೊಂಡವು ಬಿದ್ದ ಹುಡುಗನ ಕೇರಿಯನ್ನು ವಿಚಾರಿಸುವದೋ? ನಾವೆಲ್ಲರೂ ಒಂದೇ ದೀಕ್ಷಾಸ್ನಾನವನ್ನು ಹೊಂದಿದವರಲ್ಲವೋ? ಆ ನೀರಿನಲ್ಲಿ ಮೇಲಣದೂ ಕೆಳಗಣದೂ ಇಲ್ಲವೆಂದು ಒಪ್ಪಿದವರು ಮೂರು ಅಡಿ ನೀರಿಗೆ ಯಾಕೆ ಹಿಂದೆಗೆಯುವಿರಿ? ಅಂಗಳದ ಉಬ್ಬನ್ನು ಗುದ್ದಲಿಯಿಂದ ಕಡಿದೆವು. ಈ ಉಬ್ಬಿಗೆ ಗುದ್ದಲಿ ಇಲ್ಲ. ಪ್ರತಿಯೊಬ್ಬನು ತನ್ನದನ್ನು ದೇವರ ಮುಂದೆ ತಾನೇ ಕಡಿಯಬೇಕು. ಇದನ್ನು ನಿಂದಿಸುವದಕ್ಕೆ ಬರೆಯುತ್ತಿಲ್ಲ. ಅಜ್ಜನ ಮಾತಿಗೆ ನಕ್ಕವರು ನಾವು. ನಮ್ಮ ಉಬ್ಬು ಆ ಮನೆಗಳ ಉಬ್ಬಿಗಿಂತ ಚಿಕ್ಕದಾಗಿರಲಿಲ್ಲ.

ಇದನ್ನು ಓದುವ ಸಭೆಗಳಲ್ಲಿ ಹಿರಿಯರು ಒಂದು ಭಾನುವಾರ ಕೂತು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಮ್ಮ ಮಕ್ಕಳಲ್ಲಿ ಈಜು ಬಲ್ಲವರೆಷ್ಟು? ನಮ್ಮ ಸಭೆಯ ನೆಲದಲ್ಲಿ ಉಬ್ಬು ಎಲ್ಲಿದೆ? ಮೊದಲನೆಯದಕ್ಕೆ ಉತ್ತರ ಕೊಡುವದು ಸುಲಭ. ಎರಡನೆಯದಕ್ಕೆ ಉತ್ತರ ಬೇಕಾದರೆ ತಗ್ಗಿನಲ್ಲಿರುವವರನ್ನು ಕೇಳಿರಿ. ನೀರು ಯಾವ ಕಡೆಯಿಂದ ಬಂತೆಂಬದು ಅವರಿಗೆ ತಿಳಿದಿದೆ.

ಹಾದಿಯನ್ನು ಸಮಮಾಡುವ ಕರ್ತನು ಮೊದಲು ನಮ್ಮನ್ನು ಸಮಮಾಡಲಿ. ನಮ್ಮ ಮಕ್ಕಳನ್ನು ನೀರಿನಲ್ಲಿಯೂ ನೆಲದಲ್ಲಿಯೂ ಕಾಯಲಿ. ಆಮೆನ್.