ಏನನ್ನು ಬಿಟ್ಟು ಅಗ್ಗವಾಯಿತು?

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಂಜೆ ಆರರ ಮೇಲೆ ಬಸ್ಸಿಳಿಯುವ ಹೆಣ್ಣುಮಕ್ಕಳಲ್ಲಿ ಅನೇಕರು ನೇರ ಮನೆಗೆ ಹೋಗುವುದಿಲ್ಲ. ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸಿನ ಸುತ್ತ ಒಂದು ಸುತ್ತು ಹಾಕುತ್ತಾರೆ. ಹೇರ್ ಕ್ಲಿಪ್, ಕಿವಿಯೋಲೆ, ನೇಲ್ ಪಾಲಿಶ್, ಬಿಂದಿಯ ಹಾಳೆ, ಒಂದು ಡಜನ್ ಗಾಜಿನ ಬಳೆ ನೋಡುತ್ತಾರೆ, ಕೈಗೆತ್ತಿಕೊಳ್ಳುತ್ತಾರೆ, ಇಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಕೊನೆಗೆ ಕೊಳ್ಳುವುದು ಹೆಚ್ಚೆಂದರೆ ನೂರು ರೂಪಾಯಿಯ ಸಾಮಾನು. ಆಮೇಲೆ ಹತ್ತಿರದ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಜೊತೆಗೆ ಗೆಳತಿಯಿದ್ದರೆ ಬೈಟು ಕಾಫಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯುತ್ತಿದೆ. ಹಾಗೆ ಉಳಿದದ್ದರಲ್ಲಿ ಒಂದಿಷ್ಟು ಈ ಸುತ್ತಿಗೆ ಬರುತ್ತಿದ್ದರೆ ಆಶ್ಚರ್ಯವೇನಿಲ್ಲ.

ಮನೆಯಲ್ಲಿ ಇದಕ್ಕಿರುವ ಹೆಸರು ದುಂದು. ದಿನಕ್ಕೆ ನಾಲ್ಕು ಸಿಗರೇಟು ಸುಡುವವರ ಖರ್ಚು ಯಾವ ಲೆಕ್ಕಕ್ಕೂ ಬರುವುದಿಲ್ಲ, ತಿಂಗಳಿಗೊಂದು ಲಿಪ್‌ಸ್ಟಿಕ್ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಸರ್ಕಾರದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಕುಂಕುಮ, ಬಿಂದಿ, ಗಾಜಿನ ಬಳೆಗೆ ಜಿಎಸ್‌ಟಿ ಇಲ್ಲ. ಲಿಪ್‌ಸ್ಟಿಕ್‌ಗೆ ಶೇ 18. ಮುತ್ತೈದೆತನದ ಗುರುತಾದರೆ ಅಗತ್ಯ, ತನ್ನ ಇಷ್ಟಕ್ಕಾದರೆ ಶೋಕಿ! ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂತವರೋ ಆಸ್ಪತ್ರೆಯ ವಾರ್ಡಿನಲ್ಲಿ ನಿಂತವರೋ ತಮ್ಮ ದುಡಿಮೆಯ ನೂರು ರೂಪಾಯಿಯನ್ನು ತಮಗೆಂದು ಖರ್ಚು ಮಾಡಿದರೆ ಅದಕ್ಕೆ ಯಾರ ಸಮಜಾಯಿಷಿಯೂ ಬೇಕಿಲ್ಲ. ಆದ್ದರಿಂದ ಖರ್ಚು ಮಾಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡೋಣ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಕೈಗೆ ಬಂದ ವಸ್ತು ಇಷ್ಟು ಅಗ್ಗವಾದದ್ದು ಏನನ್ನು ಬಿಟ್ಟು?

ಏನನ್ನೂ ಬಿಡದೆ ಯಾವುದೂ ಅಗ್ಗವಾಗುವುದಿಲ್ಲ. ಬಿಟ್ಟದ್ದು ಏನು ಎಂಬುದರ ಮೇಲೆ ಅದು ಒಳ್ಳೆಯ ಅಗ್ಗವೋ ಕೆಟ್ಟ ಅಗ್ಗವೋ ಎಂಬುದು ನಿಂತಿದೆ.

ಒಳ್ಳೆಯದರಿಂದಲೇ ಶುರು ಮಾಡೋಣ. 1983ರಲ್ಲಿ ಆರ್. ಪ್ರಭಾಕರ್ ಇದೇ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದರು. ಅವರು ಹೋಟೆಲಿನಿಂದ ತೆಗೆದುಹಾಕಿದ್ದು ಕುರ್ಚಿ, ಮೇಜು, ಸಪ್ಲೈಯರ್, ಟಿಪ್ಸು. ಉಳಿಸಿಕೊಂಡದ್ದು ದೋಸೆ, ಇಡ್ಲಿ, ಕಾಫಿ. ಗಿರಾಕಿ ಕೂತರೆ ತಾನೇ ಜಾಗ ಹಿಡಿಯುವುದು? ನಿಂತು ತಿಂದವನು ಹತ್ತು ನಿಮಿಷದಲ್ಲಿ ಕೈ ತೊಳೆದು ಹೊರಡುತ್ತಾನೆ. ಬಾಡಿಗೆ ದುಬಾರಿಯಾದ ಊರಿನಲ್ಲಿ ಇಷ್ಟೇ ಇಷ್ಟು ಜಾಗದಲ್ಲಿ ನೂರಾರು ಜನಕ್ಕೆ ತಿಂಡಿ ಕೊಡಲು ಸಾಧ್ಯವಾದದ್ದು ಹಾಗೆ. ಹೆಸರು ಎಷ್ಟು ಹಬ್ಬಿತೆಂದರೆ ನಿಂತು ತಿನ್ನುವ ಹೋಟೆಲುಗಳನ್ನೆಲ್ಲ ಇವತ್ತು ನಾವು ದರ್ಶಿನಿ ಎಂದೇ ಕರೆಯುತ್ತೇವೆ.

ಅದೇ 1983ರಲ್ಲಿ, ಪಕ್ಕದ ತಮಿಳುನಾಡಿನ ಕಡಲೂರಿನ ಕಡೆ ಇಂಥದೇ ಇನ್ನೊಂದು ಕೆಲಸ ನಡೆಯಿತು. ಶಾಂಪೂವನ್ನು ಪುಟ್ಟ ಸ್ಯಾಶೆಗಳಲ್ಲಿ ತುಂಬಿ ಮಾರುವ ಉಪಾಯ ಚಿನ್ನಿ ಕೃಷ್ಣನ್ ಎಂಬುವರದು. ಅವರ ಮಗ ಸಿ.ಕೆ. ರಂಗನಾಥನ್ 15 ಸಾವಿರ ರೂಪಾಯಿ ಬಂಡವಾಳದಲ್ಲಿ ತಮ್ಮದೇ ಕಂಪನಿ ಶುರು ಮಾಡಿ, ಅಪ್ಪನ ಹೆಸರಿನ ಅಕ್ಷರಗಳಿಂದಲೇ ‘ಚಿಕ್’ ಶಾಂಪೂ ತಂದರು. ಅದುವರೆಗೆ ಶಾಂಪೂ ಎಂದರೆ ದೊಡ್ಡ ಅಂಗಡಿಯ ಗಾಜಿನ ಬೀರುವಿನೊಳಗಿನ ಬಾಟಲಿ, ನೋಡಬಹುದು, ಕೊಳ್ಳುವಂತಿಲ್ಲ. ಸ್ಯಾಶೆ ಬಂದ ಮೇಲೆ ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಅದು ತೋರಣದಂತೆ ತೂಗಿತು. ಇಲ್ಲಿ ಬಿಟ್ಟದ್ದು ಬಾಟಲಿಯನ್ನು. ಒಂದು ತಲೆಸ್ನಾನಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ದುಡ್ಡು.

ದರ್ಶಿನಿ ಬಿಟ್ಟದ್ದು ಕುರ್ಚಿಯನ್ನಷ್ಟೇ ಅಲ್ಲ. ಹಳೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಫಲಕವಿರುತ್ತಿತ್ತು. ಹೆಂಗಸರು ಗಂಡನೊಂದಿಗೋ ಅಣ್ಣನೊಂದಿಗೋ ಬಂದರೆ ಆ ಮರೆಯೊಳಗೆ ಹೋಗಿ ಕೂರಬೇಕು. ಒಬ್ಬಳೇ ಬಂದವಳಿಗೆ ಅಲ್ಲೂ ಮುಜುಗರ, ಹೊರಗಿನ ಮೇಜಿನಲ್ಲೂ ಮುಜುಗರ. ಎಲ್ಲರೂ ನಿಂತೇ ತಿನ್ನುವ ಜಾಗದಲ್ಲಿ ಯಾರು ಯಾರೊಂದಿಗೆ ಬಂದರು ಎಂದು ನೋಡುವ ಪುರುಸೊತ್ತು ಯಾರಿಗಿದೆ? ಇವತ್ತು ಹೆಗಲಿಗೆ ಬ್ಯಾಗು ಏರಿಸಿಕೊಂಡು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ದೋಸೆ ಮುರಿಯುತ್ತ ನಿಂತ ಹುಡುಗಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಖರ್ಚು ಇಳಿಸಲು ಮಾಡಿದ ಏರ್ಪಾಡು ಕೇಳದೆಯೇ ಒಂದು ಸ್ವಾತಂತ್ರ್ಯವನ್ನೂ ಕೊಟ್ಟಿತು.

ದರ್ಶಿನಿಯ ಇನ್ನೊಂದು ಗುಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಂದರೆ ಕೌಂಟರಿನವನು ಅದನ್ನು ಅರ್ಧ ಹರಿದು ಪಕ್ಕಕ್ಕಿಡುತ್ತಾನೆ. ಹಿಂದೆ ಅಡುಗೆಯವನು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹೊಯ್ಯುತ್ತಾನೆ. ಕೆಂಪು ಚಟ್ನಿ ಸವರಿದ್ದು, ಪಲ್ಯ ಇಟ್ಟದ್ದು, ತುಪ್ಪವೋ ಎಣ್ಣೆಯೋ ಬಿಟ್ಟದ್ದು ಎಲ್ಲ ನಿಮ್ಮ ಕಣ್ಣ ಮುಂದೆ. ವಡೆ ತೆಗೆದುಕೊಂಡವರನ್ನು ‘ಡಿಪ್ಪಾ, ಸೆಪರೇಟಾ?’ ಎಂದು ಕೇಳುವವನು ಸಾಂಬಾರಿನ ಪಾತ್ರೆಯನ್ನೂ ನಿಮ್ಮೆದುರೇ ಕಲಕುತ್ತಾನೆ. ಮುಚ್ಚಿಡಲು ಜಾಗವೇ ಇಲ್ಲ. ಬಳೆ ಅಂಗಡಿಯ ವ್ಯಾಪಾರವೂ ಹೀಗೇ ಬಯಲಿನದು. ಕೈ ಹಿಡಿದು ಒತ್ತಿ ನೋಡಿದ ಬಳೆಗಾರ ‘ಎರಡು ನಾಲ್ಕು ಆಗಲ್ಲಮ್ಮ, ಎರಡು ಆರು ತಗೊಳ್ಳಿ’ ಎನ್ನುತ್ತಾನೆ. ಎರಡು ನಾಲ್ಕು ಎಂದರೆ ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಭಾಗ, ಎರಡೂಕಾಲು ಇಂಚಿನ ಅಡ್ಡಳತೆ. ಎರಡು ಆರು ಅದಕ್ಕಿಂತ ಇಂಚಿನ ಎಂಟನೇ ಒಂದು ಭಾಗ ಹೆಚ್ಚು. ಫಿರೋಜಾಬಾದಿನ ಕುಲುಮೆಯಿಂದ ಇಷ್ಟು ದೂರ ಬಂದ ಗಾಜು ಕೈಯೊಳಗೆ ಏರುವುದೋ ಇಲ್ಲವೋ ಅಲ್ಲೇ ತೀರ್ಮಾನವಾಗುತ್ತದೆ. ಬಣ್ಣ ಎಂಥದು, ಬಿರುಕಿದೆಯೋ ಇಲ್ಲವೋ, ಬೆಳಕಿಗೆ ಹಿಡಿದರೆ ತಿಳಿಯಿತು.

ತೊಂದರೆ ಶುರುವಾಗುವುದು ಕಣ್ಣಿಗೆ ಕಾಣದ ಕಡೆ.

2024ರ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಪರೀಕ್ಷೆಗೆ ತೆಗೆದುಕೊಂಡ ಗೋಬಿಯ 171 ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಬಂದಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರ ಕಥೆಯೂ ಅದೇ. ಮಿಠಾಯಿಯ ಆ ಗುಲಾಬಿ ಬಣ್ಣ ರೋಡಮಿನ್-ಬಿಯದು. ಬಟ್ಟೆಗೆ ಹಾಕುವ ಬಣ್ಣ ಅದು, ಯಾವ ತಿನಿಸಿಗೂ ಸೇರಿಸುವಂತಿಲ್ಲ. ಜೂನಿನಲ್ಲಿ ಕಬಾಬಿನ ಬಣ್ಣಕ್ಕೂ ತಡೆ ಬಿತ್ತು. ಗೋಬಿ ಕೆಂಪಗಾಗಲು ಬೇರೆ ದಾರಿ ಇರಲಿಲ್ಲವೆಂದಲ್ಲ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ನಮ್ಮದೇ ಹಾವೇರಿ ಜಿಲ್ಲೆಯದು. ಆದರೆ ಬ್ಯಾಡಗಿಗೆ ಬೆಲೆ ಕೊಡಬೇಕು, ಬಣ್ಣದ ಪುಡಿ ಚಿಟಿಕೆ ಸಾಕು. ಇಲ್ಲಿ ಬಿಟ್ಟದ್ದು ಮೆಣಸಿನಕಾಯಿಯನ್ನು, ಉಳಿಸಿಕೊಂಡದ್ದು ಅದರ ಬಣ್ಣವನ್ನು. ದರ್ಶಿನಿಯ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಅಲಂಕಾರ ಹೋಗಿ ಸತ್ವ ಉಳಿದಿತ್ತು. ಇಲ್ಲಿ ಸತ್ವ ಹೋಗಿ ಅಲಂಕಾರ ಉಳಿಯಿತು.

ಮುಖಕ್ಕೆ ಹಚ್ಚುವುದರಲ್ಲಿ ಈ ಅದಲುಬದಲು ಇನ್ನೂ ಅಪಾಯದ್ದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು ಅಪರೂಪದ ಮೂತ್ರಪಿಂಡದ ಕಾಯಿಲೆಯವರನ್ನು ಒಬ್ಬರ ಮೇಲೊಬ್ಬರಂತೆ ಕಂಡರು. ರೋಗಿಗಳಲ್ಲಿ ಅನೇಕರು ಬಳಸುತ್ತಿದ್ದುದು ಮುಖ ಬೆಳ್ಳಗಾಗಿಸುವ ಕ್ರೀಮು, ಅದರಲ್ಲಿದ್ದುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಪಾದರಸ ತಡೆಯುತ್ತದೆ. ಆದ್ದರಿಂದ ಮುಖ ಬೇಗ ತಿಳಿಯಾದಂತೆ ಕಾಣುತ್ತದೆ, ‘ವಾರದಲ್ಲೇ ಗುಣ ಕಂಡಿತು’ ಎಂದು ಇನ್ನೊಬ್ಬರಿಗೂ ಹೇಳುತ್ತಾರೆ. ಚರ್ಮದ ಮೂಲಕ ಒಳಗೆ ಇಳಿದದ್ದು ಮೂತ್ರಪಿಂಡ ಸೇರುವುದು ಕನ್ನಡಿಯಲ್ಲಿ ಕಾಣುವುದಿಲ್ಲ. ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ತಾನಾಗಿ ಬೆರೆತು ಬಂದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ.

ದೋಸೆಯ ಕಾವಲಿಯನ್ನು ನೋಡಿದ ಹಾಗೆ ಕ್ರೀಮು ಕಾಯಿಸಿದ ಪಾತ್ರೆಯನ್ನು ನಾವು ನೋಡಲಾರೆವು. ನೋಡಲು ಸಿಗುವುದು ಡಬ್ಬಿಯ ಮೇಲಿನ ಚೀಟಿ ಮಾತ್ರ. ತಯಾರಿಸಿದವರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕು, ಒಳಗೇನಿದೆ ಎಂಬುದು ಅದರ ಮೇಲಿರಲೇಬೇಕು. ಹೊರದೇಶದ ಮಾಲಾದರೆ ತರಿಸಿದವರ ವಿಳಾಸವೂ ನೋಂದಣಿ ಸಂಖ್ಯೆಯೂ ಬೇಕು. ಫುಟ್‌ಪಾತಿನಲ್ಲಿ ಕೊಂಡರೂ ಸರಿ, ಮಾಲಿನಲ್ಲಿ ಕೊಂಡರೂ ಸರಿ, ಈ ಅಕ್ಷರಗಳಿಲ್ಲದ ಕ್ರೀಮು, ಲಿಪ್‌ಸ್ಟಿಕ್, ಕಾಡಿಗೆ ಮನೆಗೆ ಬೇಡ. ಬಳೆ, ಕ್ಲಿಪ್ಪು, ಓಲೆಯಲ್ಲಿ ಧಾರಾಳವಾಗಿ ಚೌಕಾಸಿ ಮಾಡೋಣ. ತುಟಿಗೆ, ಕಣ್ಣಿಗೆ, ಮುಖಕ್ಕೆ ಹಚ್ಚುವುದರಲ್ಲಿ ಹತ್ತು ರೂಪಾಯಿ ಉಳಿಸಲು ಹೋಗಿ ಗುರುತಿಲ್ಲದ ಸಾಮಾನು ತರುವುದು ಬೇಡ. ಒಳ್ಳೆಯ ಕಂಪನಿಗಳೇ ಸಣ್ಣ ಅಳತೆಯಲ್ಲಿ, ಕಡಿಮೆ ಬೆಲೆಗೆ ಕೊಡುತ್ತಿರುವಾಗ ಆ ಅಡ್ಡದಾರಿ ಯಾಕೆ?

ಸತ್ವ ಬಿಟ್ಟು ಬೆಲೆ ಇಳಿಸುವುದಿಲ್ಲ ಎಂದು ಹಟ ಹಿಡಿದವರ ಕಥೆಯೂ ಈ ಊರಿನಲ್ಲಿದೆ. 1924ರಲ್ಲಿ ಶುರುವಾದ ಎಂಟಿಆರ್ ಹೋಟೆಲು, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿತು ಎಂದು ಹೇಳುತ್ತಾರೆ. ರವೆ ಇಡ್ಲಿ ಈಗ ಎಲ್ಲರ ಮನೆಯ ತಿಂಡಿ. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ಬೆಲೆ ಇಳಿಸಲೇಬೇಕೆಂದು ಸರ್ಕಾರದ ಅಪ್ಪಣೆಯಾಯಿತು. ತುಪ್ಪ ಕಡಿಮೆ ಮಾಡಿ ಸರಿದೂಗಿಸಬಹುದಿತ್ತು. ಎಂಟಿಆರ್‌ನವರು ಹಾಗೆ ಮಾಡಲಿಲ್ಲ. ಪ್ರತಿದಿನದ ನಷ್ಟವನ್ನು ಹೊರಗೆ ಫಲಕದಲ್ಲಿ ಬರೆದರು, ತಡೆಯಲಾಗದೆ ಹೋದಾಗ ಹೋಟೆಲನ್ನೇ ಮುಚ್ಚಿ ರೆಡಿ ಮಿಕ್ಸ್ ತಯಾರಿಕೆಗೆ ಇಳಿದರು. ಹೋಟೆಲು ಮತ್ತೆ ತೆರೆದದ್ದು ವರ್ಷಗಳ ಮೇಲೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಗೆರೆ ಅವರಿಗೆ ಸ್ಪಷ್ಟವಿತ್ತು.

ಆ ಗೆರೆ ಗಿರಾಕಿಗಳಾದ ನಮಗೂ ಬೇಕು. ಅಗ್ಗದ ಬೆಲೆಯ ಹಿಂದೆ ಕಾಣದ ಇನ್ನೂ ಎರಡು ಬಾಬತ್ತುಗಳಿವೆ. ಒಂದು, ಕೂಲಿ. ಮೇಜು ಒರೆಸಿ ತಟ್ಟೆ ಎತ್ತುವ ಹುಡುಗನ ಸಂಬಳ, ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ದಿನವಿಡೀ ಬಗ್ಗಿ ಹುಬ್ಬು ತೀಡುವ ಪಾರ್ಲರ್ ಹುಡುಗಿಯ ಸಂಬಳ ಇಳಿದು ನಮ್ಮ ಬಿಲ್ಲು ಇಳಿದಿದ್ದರೆ ಅದು ಅಗ್ಗವಲ್ಲ. ನಾವು ಕೊಡಬೇಕಾದದ್ದನ್ನು ಅವರು ಕೊಟ್ಟಿದ್ದಾರೆ ಅಷ್ಟೆ. ಸರ್ಕಾರದ ಇಂದಿರಾ ಕ್ಯಾಂಟೀನು 2017ರಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡತೊಡಗಿದಾಗ ಮಿಕ್ಕ ದುಡ್ಡನ್ನು ಯಾರು ತುಂಬುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೀಗೆ ಗೊತ್ತಿರುವುದು ಮುಖ್ಯ. ಇನ್ನೊಂದು, ಕಸ. ಬಾಟಲಿ ಬಿಟ್ಟ ಸ್ಯಾಶೆ ಶಾಂಪೂವನ್ನು ಅಗ್ಗ ಮಾಡಿದ್ದು ನಿಜ. ಆ ಪದರಪದರದ ಪ್ಲಾಸ್ಟಿಕ್ಕು ಚಿಂದಿ ಆಯುವವರಿಗೂ ಬೇಡವಾಗಿ ಮೋರಿ ಸೇರಿದ್ದೂ ಅಷ್ಟೇ ನಿಜ. ಮೆಚ್ಚಿಕೊಂಡ ಅಗ್ಗವನ್ನೂ ಈ ಪ್ರಶ್ನೆಯಿಂದ ಹೊರಗಿಡುವಂತಿಲ್ಲ.

ಕಡಿಮೆ ಬೆಲೆಯ ಸಾಮಾನು ಕೊಳ್ಳುವವರಿಗೆ ವಿಚಾರಿಸಲು ಒಂದು ಬಗೆಯ ಸಂಕೋಚವಿದೆ. ‘ಐವತ್ತು ರೂಪಾಯಿಗೆ ಇನ್ನೇನು ಬರುತ್ತದಮ್ಮ?’ ಎಂದು ಅಂಗಡಿಯವನು ನಕ್ಕರೆ ಮಾತು ಮುಗಿಯಿತು. ಮುಗಿಯಬೇಕಿಲ್ಲ. ಐನೂರರ ಲಿಪ್‌ಸ್ಟಿಕ್ ಕೊಳ್ಳುವವಳು ಏನೇನು ಕೇಳುತ್ತಾಳೋ ಅದನ್ನೆಲ್ಲ ಐವತ್ತರದ್ದನ್ನು ಕೊಳ್ಳುವವಳೂ ಕೇಳಬಹುದು, ಕೇಳಬೇಕು. ಅವಳು ಕುರ್ಚಿ ಬಿಟ್ಟುಕೊಟ್ಟಿದ್ದಾಳೆ, ಚೆಂದದ ಡಬ್ಬಿ ಬಿಟ್ಟುಕೊಟ್ಟಿದ್ದಾಳೆ, ದೊಡ್ಡ ಹೆಸರನ್ನು ಬಿಟ್ಟುಕೊಟ್ಟಿದ್ದಾಳೆ. ಆರೋಗ್ಯವನ್ನು ಬಿಟ್ಟುಕೊಡುತ್ತೇನೆಂದು ಯಾವ ಅಂಗಡಿಯಲ್ಲೂ ಹೇಳಿಲ್ಲ.