ಮರಿ ಎಲ್ಲಿ ಹೋಯಿತು?

ಹಳ್ಳಿಯ ಮನೆಗಳಲ್ಲಿ ಮಕ್ಕಳು ಆಡಿನ ಮರಿಗೆ ಹೆಸರಿಟ್ಟು, ಹಲಸಿನ ಸೊಪ್ಪು ತಿನ್ನಿಸಿ, ಅದರೊಡನೆಯೇ ಆಡಿ ಬೆಳೆಯುತ್ತಾರೆ. ಒಂದು ಸಂಜೆ ಶಾಲೆಯಿಂದ ಮರಳಿದಾಗ ಗೂಟ ಬರಿದಾಗಿರುತ್ತದೆ. "ಮರಿ ಎಲ್ಲಿ?" ಎಂದು ಮಗು ಕೇಳಿದರೆ, "ಮೇಯಲು ಹೋಗಿದೆ" ಎಂದುಬಿಡುತ್ತೇವೆ. ಈ ಸುಳ್ಳು ಕರುಣೆಯೇ?

ಸಾಕಿದ್ದನ್ನು ಮಾರುವುದು ಅನೇಕ ಕುಟುಂಬಗಳಿಗೆ ಅನಿವಾರ್ಯ. ಶಾಲೆಯ ಶುಲ್ಕ, ಔಷಧದ ಖರ್ಚು, ಹಬ್ಬದೂಟ ಎಷ್ಟೋ ಸಲ ಕೊಟ್ಟಿಗೆಯಿಂದಲೇ ಹುಟ್ಟುತ್ತವೆ. ಆಡು ಸುಮಾರು 5 ತಿಂಗಳು ಗರ್ಭ ಹೊರುತ್ತದೆ. ಕೋಳಿ 21 ದಿನ ಮೊಟ್ಟೆಗಳಿಗೆ ಕಾವು ಕೊಡುತ್ತದೆ. ಆ ತಾಳ್ಮೆಯ ಫಲವನ್ನು ನಾವು ಉಣ್ಣುತ್ತೇವೆ. ಏಳನೆಯ ದಿನ ಎತ್ತು, ಕತ್ತೆಗಳಿಗೂ ವಿಶ್ರಾಂತಿ ಸಲ್ಲಬೇಕೆಂದು ವಿಮೋಚನಾಕಾಂಡ ವಿಧಿಸುತ್ತದೆ. ಪ್ರಾಣಿಯ ಮೇಲೆ ನಮಗೆ ಹಕ್ಕಿರುವಂತೆಯೇ ಅದರ ಋಣವೂ ನಮ್ಮ ಮೇಲಿದೆ.

ಸುಳ್ಳು ಹೇಳಿದಾಗ ಆ ಋಣವನ್ನೇ ಮಗುವಿನಿಂದ ಮರೆಮಾಡುತ್ತೇವೆ. ಮನೆಯವರ ಮಾತನ್ನು ನಂಬಬಾರದೆಂಬ ಪಾಠವನ್ನೂ ಕಲಿಸುತ್ತೇವೆ. ಆದುದರಿಂದ ಮಾರುವ ಮುನ್ನವೇ ತಿಳಿಸಿ. ಕಾರಣವನ್ನು ಸರಳವಾಗಿ ಹೇಳಿ. ಕೊನೆಯ ಸಲ ಅದರ ಮೈದಡವಲು ಬಿಡಿ. ಮಗು ಅತ್ತರೆ ಗದರಿಸದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಹಾಗೆ ಅತ್ತ ಮಗು ಉಳಿದ ಪ್ರಾಣಿಗಳಿಗೆ ನೀರಿಡಲು ಮರೆಯದು. ತಟ್ಟೆಯ ಅನ್ನವನ್ನೂ ಹಗುರವಾಗಿ ಕಾಣದು.